ಕಾರ್ಡಿನ ಹಣೆಯ ಮೇಲಿನ ಕುಂಕುಮ

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಅವನಿಗೆ ಎರಡು ಹೆಸರುಗಳಿದ್ದವು. ಊರೂರಿನವರು ಕೂಗಿ ಕರೆಯುತ್ತಿದ್ದ ಹೆಸರು ಅವನದಲ್ಲ; ಅವನದೇ ಆದ ಹೆಸರಿನಿಂದ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಮೊದಲನೆಯದನ್ನು ಬರೆದರೆ ಸುಳ್ಳಾಗುತ್ತದೆ, ಎರಡನೆಯದನ್ನು ಬರೆದರೆ ನಾಗಲಗಿದ್ದದಿಂದ ರಾಯಿಕೋಡ್‌ವರೆಗೆ ಒಬ್ಬರಿಗೂ ಗುರುತು ಹತ್ತುವುದಿಲ್ಲ. ಅವನು ತೀರಿಕೊಂಡು ಮೂರು ತಿಂಗಳಾಯಿತು. ಮೊನ್ನೆ ನಮ್ಮ ಕುರಿದೊಡ್ಡಿಯಲ್ಲಿ ಒಂದು ಸಂಗತಿ ನಡೆಯಿತು, ಅದರಿಂದಾಗಿ ಬರೆಯಲು ಕೂತಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ಈ ಟೀಚರಮ್ಮನಿಗೆ ತಲೆ ಕೆಟ್ಟಿದೆ ಎಂದು ನೀವು ಓದುವುದನ್ನೇ ಬಿಟ್ಟೀರಿ.

ನಾನು ಅಂಗನವಾಡಿಯಲ್ಲಿ ಟೀಚರು. ನನ್ನ ಗಂಡ ಕುರಿ ಸಾಕುತ್ತಾರೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಪಕ್ಕದಲ್ಲಿ ಪಟಾಕಿ ಹೊಡೆದರೂ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿರುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾರೇ ಕರೆಂಟಿನ ಕೆಲಸಕ್ಕೆ ಬಂದರೂ ನಾನು ಮೊದಲು ಕಾಗದ ಕೇಳುತ್ತೇನೆ. ಅದಕ್ಕೆ ಊರಿನವರು ನಗುತ್ತಾರೆ. ನಗಲಿ. ನಮ್ಮ ದೊಡ್ಡಿಗೆ ತಗಡು ಹೊದಿಸಿದ ವರ್ಷ ಯಾರೋ ಒಬ್ಬನನ್ನು ಕರೆದು ಬಲ್ಬು ಹಾಕಿಸಿದ್ದೆವು. ಅವನು ಯಾರು, ಎಲ್ಲಿ ಕಲಿತವನು ಎಂದು ಒಂದು ಮಾತೂ ಕೇಳಿರಲಿಲ್ಲ. ಮಳೆ ಬಂದು ನೆಲ ಹಸಿಯಾದ ದಿನ ತಗಡಿಗೆ ಕರೆಂಟು ಇಳಿದು, ಕಬ್ಬಿಣದ ತೊಟ್ಟಿಗೆ ಬಾಯಿ ಇಟ್ಟ ಕುರಿಗಳು ಇಟ್ಟ ಹಾಗೇ ಸತ್ತವು. ಕೆಲವು ನಿಂತೇ ಇದ್ದವು, ಒಂದಕ್ಕೊಂದು ಒರಗಿಕೊಂಡು. ಬದುಕಿವೆ ಎಂದು ತಿಳಿದು ನಾನು ಒಂದರ ಬೆನ್ನಿನ ಮೇಲೆ ಕೈ ಇಡಲು ಹೋಗಿದ್ದೆ. ನನ್ನ ಗಂಡ ಸೆರಗು ಹಿಡಿದು ಹಿಂದಕ್ಕೆ ಎಳೆದರು. ಅವತ್ತಿನಿಂದ ಕಾಗದ ನೋಡದೆ ಯಾರನ್ನೂ ನಾನು ಮೀಟರ್ ಪೆಟ್ಟಿಗೆಯ ಹತ್ತಿರ ಬಿಟ್ಟವಳಲ್ಲ.

ಕಾಗದ ಕೇಳಿದರೆ ಎಂತೆಂಥವರು ಸಿಗುತ್ತಾರೆ! ಕಂಗ್ಟಿಯಿಂದ ಬಂದ ಒಬ್ಬ ತನ್ನ ಬೈಕಿನ ಲೈಸೆನ್ಸ್ ತೋರಿಸಿದ. ಇನ್ನೊಬ್ಬ, “ನನ್ನ ಕೈ ನೋಡ್ರಿ ಟೀಚರಮ್ಮಾ, ಇದಕ್ಕಿಂತ ಬ್ಯಾರೆ ಕಾಗದ ಏನ್ ಬೇಕು?” ಎಂದು ಸುಟ್ಟ ಬೆರಳು ಚಾಚಿದ. ಸುಟ್ಟ ಬೆರಳೇ ಬೇಡವೆಂದಲ್ಲವೇ ನಾನು ಕೇಳುತ್ತಿರುವುದು, ಎಂದು ಅವನನ್ನು ಚಹಾ ಕುಡಿಸಿ ಕಳಿಸಿದೆ.

ಇವನು ಮಾತ್ರ ಕೇಳುವ ಮೊದಲೇ ಕೊಟ್ಟ. ಹಳೆಯ ಲೂನಾ ಗಾಡಿ ನಿಲ್ಲಿಸಿ, ಚಪ್ಪಲಿ ಬಾಗಿಲ ಹೊರಗೇ ಬಿಟ್ಟು, ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ನೀಡಿದ. ನಲವತ್ತರ ಆಸುಪಾಸಿನ ಮನುಷ್ಯ, ಕಡ್ಡಿಯಂಥ ಮೈ, ನೆಲ ನೋಡಿ ಮಾತಾಡುವ ಅಭ್ಯಾಸ. ವೈರ್‌ಮನ್ ಪರ್ಮಿಟ್. ಫೋಟೋ ಇತ್ತು, ಫೋಟೋದ ಭುಜದ ಮೇಲೆ ಅರ್ಧ ಬಂದ ದುಂಡನೆಯ ಸೀಲಿತ್ತು. ನಾನು ಹೆಸರು ಕೇಳಿದೆ, ತಂದೆಯ ಹೆಸರು ಕೇಳಿದೆ, ಹುಟ್ಟಿದ ತಾರೀಖು ಕೇಳಿದೆ. ತಡವರಿಸದೆ ಹೇಳಿದ. ಅಷ್ಟಕ್ಕೂ ಬಿಡದೆ, ಪರಿಚಯದವರೊಬ್ಬರಿಂದ ಪರ್ಮಿಟ್ ಕೊಡುವ ಕಚೇರಿಗೆ ಫೋನ್ ಮಾಡಿಸಿ ನಂಬರು ವಿಚಾರಿಸಿದೆ. “ನಂಬರ್ ಖರೇ ಅದ, ಚಾಲ್ತ್ಯಾಗೂ ಅದ” ಎಂದರು. ಫೋಟೋದ ಮೂಗು, ಇವನ ಮೂಗು ಒಂದೇ. ಫೋಟೋದಲ್ಲಿ ವಯಸ್ಸು ಕಡಿಮೆ, ಅದು ಎಲ್ಲರ ಫೋಟೋದಲ್ಲೂ ಹಾಗೆಯೇ.

ಒಂದೇ ಒಂದು ವಿಶೇಷವೆಂದರೆ ಆ ಫೋಟೋದ ಹಣೆಯ ಮೇಲೆ ಸರಿಯಾಗಿ ನಡುವೆ ಒಂದು ಕುಂಕುಮದ ಬೊಟ್ಟಿತ್ತು. ಅದೂ ಹೊಸ ಬೊಟ್ಟು. ನಾನು ಅದನ್ನು ನೋಡಿದೆ. ನೋಡಿ ಸಂತೋಷಪಟ್ಟೆ ಕೂಡ. ನಮ್ಮ ಕಡೆ ದಸರೆಗೆ ಕತ್ತರಿ, ಕುಡುಗೋಲು, ಟ್ರ್ಯಾಕ್ಟರು, ಅಂಗಡಿಯ ತಕ್ಕಡಿ ಎಲ್ಲಕ್ಕೂ ಕುಂಕುಮ ಹಚ್ಚುತ್ತೇವೆ. ಮಾಡುವ ಕೆಲಸದ ಕಾರ್ಡಿಗೂ ಹಚ್ಚಿದ್ದಾನೆ, ಎಷ್ಟು ನಿಷ್ಠೆಯವನು ಎಂದುಕೊಂಡೆ. ಆ ಬೊಟ್ಟು ನೋಡಿಯೇ ನನಗೆ ನಂಬಿಕೆ ಪೂರ್ತಿಯಾದದ್ದು. ಕುಂಕುಮ ನಾವು ಬೇರೆ ಇನ್ಯಾವುದಕ್ಕೆ ಹಚ್ಚುತ್ತೇವೆ ಎಂದು ಆಗ ಯೋಚಿಸಲಿಲ್ಲ.

ಕೆಲಸದಲ್ಲಿ ಅವನ ರೀತಿಯೇ ಬೇರೆ. ಮುಗಿಯುವ ತನಕ ನೀರನ್ನೂ ಮುಟ್ಟುತ್ತಿರಲಿಲ್ಲ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು, ಅದನ್ನು ಕಾರ್ಡಿನ ಪಕ್ಕ ಒಳಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಕರೆಂಟಿದ್ದರೆ ಕೆಂಪಗೆ ಹತ್ತುವ ಪುಟ್ಟ ಬಲ್ಬಿನ ಟೆಸ್ಟರ್ ಹಚ್ಚಿ ನೋಡುತ್ತಿದ್ದ. ಅಷ್ಟಾದ ಮೇಲೂ ತಂತಿ ಮುಟ್ಟುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಪಕ್ಕದ ಕೋಣೆಯವರನ್ನು ಕೇಳುವ ಹಾಗೆ ಸಹಜವಾಗಿ ಕೇಳುತ್ತಿದ್ದ:

“ಅಣ್ಣಾ, ಬಂದ್ ಮಾಡೀಯೇನು?”

ಕೇಳಿ ತಲೆ ಒಂದಿಷ್ಟು ವಾರೆ ಮಾಡಿ ನಿಲ್ಲುತ್ತಿದ್ದ. ಎರಡು ಉಸಿರು, ಮೂರು ಉಸಿರು. ಆಮೇಲೆ “ಹ್ಞಾಂ” ಎಂದು ತಲೆಯಾಡಿಸಿ ಕೆಲಸಕ್ಕೆ ಇಳಿಯುತ್ತಿದ್ದ.

ಮೊದಲ ಸಲ ನಾನು ನಕ್ಕುಬಿಟ್ಟೆ. “ಯಾರಿಗೆ ಕೇಳ್ತೀಯಪ್ಪಾ? ಇಲ್ಲಿ ನಾವಿಬ್ರೇ ಇದ್ದೀವಲ್ಲ.”

“ರೂಢಿ ಆಗ್ಯಾದ್ರಿ ಟೀಚರಮ್ಮಾ” ಎಂದಷ್ಟೇ ಹೇಳಿದ.

ಎರಡನೆಯ ಸಲ ನಗಲಿಲ್ಲ. ಅವತ್ತು ದೊಡ್ಡಿಯಲ್ಲಿ ತಂತಿ ಬದಲಿಸುತ್ತಿದ್ದ. ಮಧ್ಯಾಹ್ನದ ಬಿಸಿಲು, ಕುರಿಗಳು ತಲೆ ತಗ್ಗಿಸಿ ಹೊಟ್ಟು ಮೇಯುತ್ತಿದ್ದವು. ಅವನು ಕೇಳಿದ. ಕೇಳಿದ್ದೇ ತಡ, ಅಷ್ಟೂ ಕುರಿಗಳು ಮೇಯುವುದು ನಿಲ್ಲಿಸಿ, ತಲೆ ಎತ್ತಿ, ದೊಡ್ಡಿಯ ಒಂದೇ ಮೂಲೆಯ ಕಡೆ ತಿರುಗಿದವು. ಅವನಿದ್ದದ್ದು ಈ ಕಡೆ, ಅವು ನೋಡಿದ್ದು ಆ ಕಡೆ. ಅಲ್ಲಿ ಮೇನ್ ಪೆಟ್ಟಿಗೆಯ ಹೊರತು ಏನೂ ಇರಲಿಲ್ಲ. ಹೊರಗೆ ಜಗಲಿಯ ಮೇಲಿದ್ದ ನಮ್ಮ ಅತ್ತೆ, ಪಟಾಕಿಗೂ ಬೆಚ್ಚದ ಅತ್ತೆ, ಎಲೆ ಮಡಿಚುವುದು ಬಿಟ್ಟು ಕೇಳಿದರು: “ಯಾರವಾ ಅಂವ? ಮಾಡೀನಿ ಅಂದಾಂವ?”

ಇವನು ಏನೂ ಆಗದವನಂತೆ ಇಕ್ಕಳ ಎತ್ತಿಕೊಂಡ.

ಆ ಮೇಲೆ ನಡೆದದ್ದು ಬೋರ್‌ಬಾವಿಯ ಹತ್ತಿರದ ಸಂಗತಿ. ಬೋರಿನ ಮೋಟಾರು ಕೆಟ್ಟಿತ್ತು, ಕುರಿಗಳಿಗೆ ಬೆಳಗಿನಿಂದ ನೀರಿಲ್ಲ. ಅವನು ಬಂದ, ಮೇನ್ ಇಳಿಸಿದ, ಫ್ಯೂಸ್ ಜೇಬಿಗೆ ಹಾಕಿದ, ಟೆಸ್ಟರ್ ಹಚ್ಚಿದ. ಹತ್ತಲಿಲ್ಲ. ಮೋಟಾರು ಕೋಣೆಯ ಗೋಡೆಗೆ ತಿರುಗಿ ಕೇಳಿದ. ನಿಂತ. ಮತ್ತೆ ಕೇಳಿದ. ಅವನ ಮುಖ ನೋಡನೋಡುತ್ತ ಬಿಳಿಚಿತು. ಇಕ್ಕಳವನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಬಂದ.

“ಅಣ್ಣ ಮಾತಾಡವಲ್ಲರಿ. ನಾ ಮುಟ್ಟೂದಿಲ್ಲ.”

ನನ್ನ ಗಂಡ ಮೊದಲೇ ಮುಂಗೋಪಿ. “ಕುರಿ ಬಾಯಿ ಒಣಗಿ ನಿಂತಾವ, ಇಂವ ಗ್ವಾಡಿ ಕೂಡ ಮಾತಾಡ್ತಾನ! ಸರಿ ಅತ್ಲಾಗ, ನಾನೇ ಬಿಚ್ಚತೀನಿ” ಎಂದು ಕೈ ಹಾಕಲು ಹೋದರು. ಯಾವತ್ತೂ ಗಟ್ಟಿಯಾಗಿ ಒಂದು ಮಾತೂ ಆಡದ ಮನುಷ್ಯ ಅವರ ಅಂಗಿಯ ಕಾಲರಿಗೆ ಕೈ ಹಾಕಿ ಎಳೆದು ಕೆಡವಿದ. ಅವರು ಎದ್ದು ಹೊಡೆಯಲು ಕೈ ಎತ್ತುವಷ್ಟರಲ್ಲಿ, ತಂತಿಯಲ್ಲಿ ಸಿಕ್ಕಿಸಿಟ್ಟಿದ್ದ ಟೆಸ್ಟರು ತಾನೇ ಕೆಂಪಗೆ ಹತ್ತಿಕೊಂಡಿತು.

ಆಮೇಲೆ ಹುಡುಕಿದಾಗ ತಿಳಿಯಿತು. ಹಿಂದೆ ನಮ್ಮದೂ ನನ್ನ ಮೈದುನನದೂ ಹೊಲ ಒಂದೇ ಇದ್ದಾಗ ಎಳೆದ ಹಳೆಯ ತಂತಿಯೊಂದು ನಮ್ಮ ಪೆಟ್ಟಿಗೆಯ ಹಿಂಬದಿಯಲ್ಲಿ ಸೇರಿಕೊಂಡಿತ್ತು. ಮೈದುನ ತನ್ನ ಹೊಲದಲ್ಲಿ ಮೋಟಾರು ಚಾಲೂ ಮಾಡಿದರೆ ನಮ್ಮ ತಂತಿಗೂ ಕರೆಂಟು ಬರುತ್ತಿತ್ತು. ಅವತ್ತು ಮೈದುನ ಸರಿಯಾಗಿ ಆ ಹೊತ್ತಿಗೆ ಚಾಲೂ ಮಾಡಿದ್ದ. ಇವನು ಬೇಡವೆಂದಿದ್ದು ಅದಕ್ಕೂ ಮೊದಲು. ನನ್ನ ಗಂಡ ಆ ದಿನ ಊಟ ಮಾಡಲಿಲ್ಲ. ಸಂಜೆ ತಾವೇ ಹೋಗಿ ಅವನ ಲೂನಾ ಒರೆಸಿ ನಿಲ್ಲಿಸಿದರು. ಕ್ಷಮೆ ಕೇಳುವ ಅವರ ರೀತಿ ಅದು.

ಅಲ್ಲಿಂದ ಮುಂದೆ ಅವನ ಬಗ್ಗೆ ನಾನು ಎಲ್ಲೆಲ್ಲೂ ಹೊಗಳಿದ್ದೇ ಹೊಗಳಿದ್ದು. “ಕಾಗದ ನಾ ನೋಡೀನಿ, ಆಫೀಸಿನ್ಯಾಗೂ ವಿಚಾರಿಸೀನಿ, ಕಣ್ಣು ಮುಚ್ಚಿ ಕೆಲ್ಸ ಕೊಡ್ರಿ” ಎಂದು ನಾರಾಯಣಖೇಡದ ತನಕ ಹೇಳಿಕೊಂಡು ಬಂದೆ. ನಾನು ಹೇಳಿದೆ ಎಂದೇ ಜನ ಅವನನ್ನು ಕರೆದರು. ನಮ್ಮ ಅಂಗನವಾಡಿಗೆ ಹೊಸ ಕೋಣೆ ಬಂದಾಗಲೂ ವೈರಿಂಗಿಗೆ ಅವನೇ ಎಂದು ಮನಸ್ಸಿನಲ್ಲಿ ಗೊತ್ತು ಮಾಡಿದೆ. ಕೆಲಸದ ಕಾಗದಕ್ಕೆ ಕಾರ್ಡಿನ ಪ್ರತಿ ಹಚ್ಚಿ, ನೋಡಿದ್ದೇನೆ ಎಂದು ನಾನು ಸಹಿ ಮಾಡಬೇಕಿತ್ತು. ಅದನ್ನು ಕೇಳಲು ರಾಯಿಕೋಡ್ ಹತ್ತಿರದ ಅವನ ಊರಿಗೆ ಹೋದೆ.

ಅವನಿರಲಿಲ್ಲ. ಒಬ್ಬ ಹೆಣ್ಣುಮಗಳು ಚಾಪೆ ಹಾಸಿ ಕೂರಿಸಿದಳು. ಎದುರಿನ ಗೋಡೆಯ ಮೇಲೆ ಕಟ್ಟು ಹಾಕಿದ ದೊಡ್ಡ ಫೋಟೋ. ಹಾರ. ಊದುಬತ್ತಿಯ ಬೂದಿ. ಹಣೆಯ ಮೇಲೆ ಕುಂಕುಮದ ಬೊಟ್ಟು. ಅದೇ ಬೈತಲೆ, ಅದೇ ಮೂಗು, ಕತ್ತಿನ ತನಕ ಹಾಕಿದ ಅದೇ ಗುಂಡಿ. ಚಿಕ್ಕದನ್ನು ದೊಡ್ಡದು ಮಾಡಿಸಿದ್ದರಿಂದ ಭುಜದ ಮೇಲಿನ ಅರ್ಧ ಸೀಲೂ ದೊಡ್ಡದಾಗಿ ತಟ್ಟೆಯಷ್ಟು ಅಗಲವಾಗಿತ್ತು. ನಾನು ಅವನು ಸತ್ತಿದ್ದಾನೆಂದೇ ತಿಳಿದೆ.

“ನಮ್ಮ ಮನ್ಯಾವ್ರು” ಎಂದಳು ಆಕೆ. “ಹೋಗಿ ಹನ್ನೊಂದು ವರ್ಷ ಆತ್ರಿ. ಕಂಬದ ಮ್ಯಾಲ ಇದ್ರು. ಬ್ಯಾರೆ ಫೋಟೋ ಇದ್ದಿಲ್ಲ, ಕಾರ್ಡಿನಂದೇ ದೊಡ್ಡದು ಮಾಡಿಸೀವಿ.”

ನಮ್ಮ ಮನೆಗೆ ಬರುವವನು ಯಾರು ಎಂದು ಕೇಳಿದೆ. “ಅಂವ ನನ್ನ ಮೈದನ” ಎಂದಳು. ಎಲ್ಲವನ್ನೂ ಆಕೆಯೇ ಹೇಳಿದಳು, ಮುಚ್ಚಿಡುವುದರಲ್ಲಿ ಬೇಸತ್ತವಳಂತೆ. ಅಣ್ಣ ಮೇಲೆ, ತಮ್ಮ ಕೆಳಗೆ ಸ್ವಿಚ್ಚಿನ ಹತ್ತಿರ. ನಾನು ಹೇಳುವ ತನಕ ಚಾಲೂ ಮಾಡಬೇಡ ಎಂದು ಅಣ್ಣ ಹೇಳಿ ಹತ್ತಿದ್ದ. ಕೆಲಸ ಮುಗಿಯಿತೆಂದು ತಮ್ಮ ತಾನೇ ಅಂದಾಜು ಮಾಡಿ ಹಾಕಿಬಿಟ್ಟ. “ಮೊದಲ ದಿನಾನೇ ನನ್ನ ಕಾಲು ಹಿಡದು ಹೇಳ್ಯಾನ್ರಿ. ನಂಗ ಎರಡು ಹೆಣ್ಣುಮಕ್ಕಳು. ಅಂವಗ ಕೆಲ್ಸ ಬರ್ತಿತ್ತು, ಕಾರ್ಡ್ ಇದ್ದಿಲ್ಲ. ಇವ್ರ ಕಾರ್ಡ್ ಇತ್ತು, ಇವ್ರೇ ಇದ್ದಿಲ್ಲ. ತಗೊಂಡು ಹೋಗು ಅಂತ ನಾನೇ ಕೊಟ್ಟೆ. ಆಫೀಸಿನ್ಯಾಗ ಸತ್ತ ಸುದ್ದಿ ತಿಳಿಸಲಿಲ್ಲ, ರೊಕ್ಕ ಕಟ್ಟಿ ಕಾರ್ಡ್ ಚಾಲ್ತ್ಯಾಗ ಇಟ್ಟೀವಿ. ದಿನಾ ಮುಂಜಾನೆ ಫೋಟೋಕ್ಕ ಹಚ್ಚೂ ಮುಂದ ಕಾರ್ಡಿಗೂ ಹಚ್ಚತೀನಿ.”

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟೂ ಬಂತು, ಅಳುವೂ ಬಂತು, ಎಲ್ಲಕ್ಕಿಂತ ನಾಚಿಕೆ ಬಂತು. ಸತ್ತವನ ಹಣೆಯ ಬೊಟ್ಟನ್ನು ನೋಡಿ ನಿಷ್ಠೆ ಎಂದು ಮೆಚ್ಚಿದವಳು ನಾನು. ಹುಟ್ಟಿದ ತಾರೀಖು ಕೇಳಿದೆ, ಸತ್ತ ತಾರೀಖು ಕೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಮರುದಿನ ಅವನೇ ಬಂದ. ಅತ್ತಿಗೆ ಹೇಳಿರಬೇಕು. ಕಾರ್ಡನ್ನು ಎಂದಿನಂತೆ ಎರಡೂ ಕೈಯಲ್ಲಿ ನೀಡಿದ.

“ಇದು ಯಾರ್ದು?” ಎಂದೆ.

“ನಮ್ಮಣ್ಣಂದು.”

“ನಿಂದು ಎಲ್ಲಿ?”

“ಇಲ್ರಿ.”

“ಪರೀಕ್ಷಾ ಕೊಟ್ಟು ನಿನ್ನ ಹೆಸರಿಂದು ತಗೊಂಡು ಬಾ. ಅಲ್ಲೀ ತನಕ ನಾ ಸಹಿ ಮಾಡೂದಿಲ್ಲ. ಸಣ್ಣ ಕೂಸು ಕುಂದರೂ ಜಾಗ ಅದು. ನಿನಗ ಕೆಲ್ಸ ಬರ್ತದ, ನಂಗ ಗೊತ್ತು. ಆದ್ರ ನಾ ಸುಳ್ಳಿಗೆ ಸಹಿ ಹಾಕಲ್ಲ. ಯಾರ್ಯಾರಿಗೆ ನಿನ್ನ ಸುದ್ದಿ ಹೇಳೀನೋ, ಅವ್ರಿಗೆಲ್ಲ ನಾನೇ ಹೋಗಿ ಬ್ಯಾಡಂತ ಹೇಳಬೇಕಾಗ್ತದ.”

ಮನೆ ನಡೆಯುವುದು ಹೇಗೆ ಎಂದು ಕೇಳುತ್ತಾನೆ, ಬೇಡಿಕೊಳ್ಳುತ್ತಾನೆ ಎಂದು ನಾನು ಗಟ್ಟಿಯಾಗಿ ಕೂತಿದ್ದೆ. ಅವನು ಕೇಳಿದ್ದು ಬೇರೆ.

“ಅವತ್ತ ಸ್ವಿಚ್ ಹಂತ್ಯಾಕ ನಾ ಇದ್ದೆ, ಮ್ಯಾಲ ಅಣ್ಣ. ಈಗ ನಾ ಮ್ಯಾಲ ಇರ್ತೀನಿ, ಸ್ವಿಚ್ ಹಂತ್ಯಾಕ ಅಂವ ಇರ್ತಾನ. ಅಂವನ ಹೆಸರಿನ್ಯಾಗ ದುಡಿತೀನಂತ ಜವಾಬು ಕೊಡ್ತಾನ. ನನ್ನ ಹೆಸರಿನ್ಯಾಗ ಹೋದ್ರ ಕೊಡ್ತಾನೋ ಇಲ್ಲೋ ಟೀಚರಮ್ಮಾ?”

ಕಾರ್ಡನ್ನು ವಾಪಸು ಕೊಟ್ಟೆ, ಅಷ್ಟೇ.

ಒಂಬತ್ತು ತಿಂಗಳು ಅವನ ಸುಳಿವಿಲ್ಲ. ನಾನು ನಾಲ್ಕಾರು ಮನೆಗಳಿಗೆ ಹೋಗಿ, ಸದ್ಯಕ್ಕೆ ಅವನನ್ನು ಕರೆಯಬೇಡಿ ಎಂದೆ, ಯಾಕೆಂದು ಹೇಳಲಿಲ್ಲ. ಅವನು ಜಹೀರಾಬಾದಿನಲ್ಲಿ ಯಾರದೋ ಅಂಗಡಿಯಲ್ಲಿ ಮೂಟೆ ಹೊರುತ್ತ, ಬಿಡುವಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾನೆಂದು ಕೇಳಿದೆ. ಆ ಹೆಣ್ಣುಮಕ್ಕಳು ಏನು ಉಣ್ಣುತ್ತಿದ್ದಾರೋ ಎಂದು ನನಗೆ ಅನ್ನ ಇಳಿಯದ ದಿನಗಳಿದ್ದವು. ಅಂಗನವಾಡಿಯ ಹೊಸ ಕೋಣೆಯನ್ನು ನಾನು ಬೇರೆ ಯಾರಿಗೂ ಕೊಡಲಿಲ್ಲ. ಮೇಲಿನವರು ಕೇಳಿದಾಗಲೆಲ್ಲ ಏನಾದರೊಂದು ನೆಪ ಹೇಳಿದೆ.

ಕೊನೆಗೆ ಬಂದ. ಹೊಸ ಕಾರ್ಡು, ಹೊಸ ಫೋಟೋ, ಹಣೆಯ ಮೇಲೆ ಏನೂ ಇಲ್ಲ. ಆ ದಿನ ಮೊದಲ ಸಲ ಅವನ ಸ್ವಂತ ಹೆಸರನ್ನು ಓದಿದೆ. ಫೋನ್ ಮಾಡಿಸಿ ವಿಚಾರಿಸಿದೆ, ಇನ್ನು ಬಿಡುವುದುಂಟೇ? ಎಲ್ಲ ಖರೆ. ಸಹಿ ಮಾಡಿದೆ.

ಅಂಗನವಾಡಿಯಲ್ಲಿ ಕೆಲಸ ಶುರುವಾಯಿತು. ರಜೆಯ ದಿನ, ಮಕ್ಕಳಿರಲಿಲ್ಲ. ಅವನ ಕೈಯಲ್ಲಿ ಸಾಮಾನಿದ್ದುದರಿಂದ ಹಳೆಯ ಕೋಣೆಯ ಫ್ಯೂಸನ್ನು ನಾನೇ ಕಿತ್ತು ಮುಷ್ಟಿಯಲ್ಲಿ ಹಿಡಿದಿದ್ದೆ. ಅವನು ಟೆಸ್ಟರ್ ಹಚ್ಚಿ ನೋಡಿದ. ಗೋಡೆಗೆ ತಿರುಗಿದ.

“ಅಣ್ಣಾ, ಬಂದ್ ಮಾಡೀಯೇನು?”

ನಿಂತ. ನಾನೂ ನಿಂತೆ. ಮತ್ತೆ ಕೇಳಿದ, ಮೂರನೆಯ ಸಲ ಕೇಳುವಾಗ ದನಿ ಒಡೆಯಿತು. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು, ಸಣ್ಣ ಕೂಸಿನ ಹಾಗೆ ಬಿಕ್ಕಿದ. “ಹೋದ್ರಿ. ಅಣ್ಣ ಹೋಗ್ಯಾನ. ನನ್ನಿಂದ ಆಗೂದಿಲ್ಲ, ಬ್ಯಾರೆಯವ್ರಿಗೆ ಕೊಡ್ರಿ.”

ಅವನಿಂದ ಅಣ್ಣನನ್ನು ಕಿತ್ತುಕೊಂಡವಳು ನಾನೇ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತು. ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಫ್ಯೂಸ್ ಹಿಡಿದ ಕೈ ಎತ್ತಿ ತೋರಿಸಿ ಹೇಳಿದೆ: “ಮಾಡೀನಿ. ಇಲ್ಲಿ ನೋಡು, ನನ್ನ ಕೈಯಾಗ ಅದ. ನೀ ಕೆಳಗ ಇಳಿಯೂ ತನಕ ನಾ ಇಲ್ಲಿಂದ ಕದಲಲ್ಲ.”

ಅವನು ನನ್ನ ಮುಖ ನೋಡಿದ. ನೆಲ ಬಿಟ್ಟು ಮುಖ ನೋಡಿದ್ದು ಅದೇ ಮೊದಲು. ಎದ್ದು ಏಣಿ ಹತ್ತಿದ. ಸಂಜೆಯ ತನಕ ನಾನು ಆ ಫ್ಯೂಸ್ ಹಿಡಿದು ನಿಂತಿದ್ದೆ, ಕೈ ಬೆವತು ಜಾರುತ್ತಿತ್ತು, ಆದರೂ ಬಿಡಲಿಲ್ಲ.

ಆಮೇಲೆ ಯಾವ ಮನೆಗೆ ಹೋದರೂ ಅದೇ ಪದ್ಧತಿ ಮಾಡಿಕೊಂಡ. ಫ್ಯೂಸನ್ನು ಮನೆಯ ಹೆಂಗಸರ ಕೈಗೆ ಕೊಡುವುದು, “ಬಂದ್ ಮಾಡೀರೇನು?” ಎಂದು ಕೇಳುವುದು, ಅವರು “ಮಾಡೀನಿ” ಎಂದರಷ್ಟೇ ಮುಟ್ಟುವುದು. ನಗುತ್ತಲೇ ಎಲ್ಲರೂ ಹೇಳುತ್ತಿದ್ದರು. ಹಳೆಯ ಹೆಸರಿನಿಂದಲೇ ಎಲ್ಲರೂ ಅವನನ್ನು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಹೊಸ ಹೆಸರು ನಾಲಿಗೆಗೆ ಬರಲಿಲ್ಲ. ಒಮ್ಮೆ ಹೇಳಿದ್ದ: “ಫೋಟೋದಾಗ ಅಣ್ಣ ಹಾಂಗೇ ಅದಾನ್ರಿ. ಈಗ ಅಂವಗಿಂತ ನಾನೇ ದೊಡ್ಡಾಂವ ಆಗೀನಿ.”

ಅಣ್ಣನ ದೊಡ್ಡ ಮಗಳನ್ನು ತಾಂಡೂರಿಗೆ ಕೊಟ್ಟಿದ್ದರು. ಅವಳನ್ನು ನೋಡಲು ಹೋದವನು ಅವಳ ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದಾಗ ಎದೆ ಹಿಡಿದುಕೊಂಡು ತೀರಿಹೋದ. ಕರೆಂಟಿನಿಂದಲ್ಲ. ಹನ್ನೊಂದನೆಯ ದಿನ ನಾನು ಅವನ ಊರಿನ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಈಗ ಎರಡು ಫೋಟೋ, ಎರಡರ ಹಣೆಯ ಮೇಲೂ ಕುಂಕುಮ, ಎರಡರ ಭುಜದ ಮೇಲೂ ಅರ್ಧ ಸೀಲು.

ಇನ್ನು ಮೊನ್ನೆಯ ಮಾತು. ದೊಡ್ಡಿಯ ವೈರು ಇಲಿ ಕಡಿದಿತ್ತು. ಹೊಸ ಎಲೆಕ್ಟ್ರಿಷಿಯನ್ ಬಂದ, ಒಳ್ಳೆಯ ಮನುಷ್ಯ, ಕಾರ್ಡು ತೋರಿಸಿದ, ವಿಚಾರಿಸಿದೆ, ಎಲ್ಲ ಸರಿ. ನನ್ನ ಕೈಗೆ ಫ್ಯೂಸ್ ಕೊಡು ಎಂದೆ, ಕೊಟ್ಟ. ಅವನು ಆ ಕಡೆ ತಿರುಗಿ ಏಣಿ ಸರಿಪಡಿಸುತ್ತಿದ್ದ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ, ಹತ್ತಿರದಿಂದಲೇ, ಮೆಲ್ಲಗೆ ಕೇಳಿಸಿತು:

“ಟೀಚರಮ್ಮಾ, ಬಂದ್ ಮಾಡೀರೇನು?”

ನಾನು ಹಿಂದಿರುಗಿ ನೋಡಲಿಲ್ಲ. ಕುರಿಗಳೆಲ್ಲ ತಲೆ ಎತ್ತಿ ನನ್ನ ಹಿಂದಿನ ಮೂಲೆಯನ್ನೇ ನೋಡುತ್ತಿದ್ದವು. ಸುಮ್ಮನೆ ಹೂಂ ಎನ್ನುವ ಮಾತಲ್ಲ ಅದು. ಮುಷ್ಟಿ ಬಿಚ್ಚಿ ಫ್ಯೂಸ್ ನೋಡಿದೆ. ಪೆಟ್ಟಿಗೆಯ ಹತ್ತಿರ ಹೋಗಿ ಮೇನ್ ನೋಡಿದೆ, ಇಳಿದಿತ್ತು. ಆಮೇಲೆ ತೀರಿಹೋದವನ ಸ್ವಂತ ಹೆಸರು ಹಿಡಿದು, ಮೊಟ್ಟಮೊದಲ ಸಲ ಬಾಯಿಬಿಟ್ಟು ಆ ಹೆಸರು ಕರೆದು, “ಮಾಡೀನಿ” ಎಂದೆ.

ಹೊಸಬ ಏಣಿಯಿಂದ ತಿರುಗಿದ. “ನಂಗೇನ್ರಿ? ಅದು ನನ್ನ ಹೆಸರಲ್ಲ, ನಾ ಏನೂ ಕೇಳಿಲ್ಲ.”

“ನಿಂಗಲ್ಲಪ್ಪಾ. ನೀ ಹತ್ತು” ಎಂದೆ.

ಕುರಿಗಳು ಒಂದೊಂದಾಗಿ ತಲೆ ತಗ್ಗಿಸಿ ಮೇಯತೊಡಗಿದವು.